ಕಟ್ಟು

ಜಾಬ್ರಿಯಾದ ಎಂಬಸಿಯಿಂದ ಫೋನು ಬಂದದ್ದು ಬುಧವಾರ.
ಹನ್ನೊಂದು ಫೋಟೋ, ಹೊಸ ಅಧ್ಯಕ್ಷರು,
ಕಟ್ಟು ಹಳೆಯದೇ ಇರಲಿ, ಗಾಜು ಒರೆಸಿ ಕೊಟ್ಟರೆ ಸಾಕು.
ಹಳೇ ಬಾಕಿ? ಎಂದರು ಮೊಯ್ದಿನಬ್ಬ.
ಅದು ಹಳೇ ಸರ್ಕಾರದ್ದು, ಎಂದಿತು ಫೋನು.

ನಾನು ಗಂಗೊಳ್ಳಿಯಲ್ಲಿ ದೇವರಿಗೆ ಕಟ್ಟು ಹಾಕಿ ಕಲಿತವನು.
ಲಕ್ಷ್ಮಿಗೆ ಚಿನ್ನದ ಅಂಚು, ಸತ್ತವರಿಗೆ ಕಪ್ಪು,
ಮದುವೆಯವರಿಗೆ ಅವರು ಕೇಳಿದ್ದು.
ಅಧ್ಯಕ್ಷರಿಗೆ ಯಾವುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಗುಮಾಸ್ತ ಚಿಕೊಂಡಿ ಏಣಿ ಹಿಡಿದ, ನಾನು ಹತ್ತಿದೆ.
ಹನ್ನೆರಡು ವರ್ಷ ಆಳಿದ ಮುಖ
ಮೊಳೆಯಿಂದ ಇಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.
ಬೆನ್ನಲ್ಲಿ ಒಡೆದ ಹಲ್ಲಿಮೊಟ್ಟೆ ಎರಡು.
ಅಂಗಡಿಗೆ ತಂದು ಬಿಚ್ಚಿದರೆ
ರಟ್ಟು ಸಾಲದೆ ಯಾರೋ ಒಳಗೆ ತುರುಕಿದ್ದರು
ಅವರಿಗಿಂತ ಹಿಂದಿನವರನ್ನು:
ಎದೆ ತುಂಬ ಪದಕ, ಒಂದು ಕಣ್ಣಿಗೆ ಗೆದ್ದಲು.

ಹೊಸಬರ ಫೋಟೋ ಅಂಗೈ ಎರಡರಷ್ಟೇ.
ಖರ್ಚು ಕಡಿಮೆ ಮಾಡಿ ಅಂದಿದ್ದಾರೆ, ಎಂದ ಚಿಕೊಂಡಿ,
ಮಗನ ಮಾರ್ಕು ಹೇಳುವವನ ಹಾಗೆ.
ಸುತ್ತ ನಾಲ್ಕಿಂಚು ಬಿಳಿ ರಟ್ಟು ಕೊಟ್ಟೆ.
ಆ ಖಾಲಿಯ ನಡುವೆ ಮುಖ
ಈಗಷ್ಟೆ ಒಳಗೆ ಬಂದು
ಎಲ್ಲಿ ಕೂರಲಿ ಎಂದು ನೋಡುವಂತಿತ್ತು.
ಅಗ್ಗದ ರಟ್ಟು, ಈ ಸೆಕೆಗೆ ಆರು ತಿಂಗಳಲ್ಲಿ ಹಳದಿ.
ನನಗೆ ಗೊತ್ತಿತ್ತು. ಹೇಳಲಿಲ್ಲ.

ಹಾಲಿನಲ್ಲಿ ಹಾಸಿಗೆ ಹಾಸಿ ಆರು ಹೆಂಗಸರು,
ಕೆಲಸದ ಮನೆಗಳಿಂದ ಓಡಿಬಂದವರು.
ತಿಯಾಮಿಕೆ ಬಂದು ಒರೆಸಿದ ಗಾಜು ಹಿಡಿದುಕೊಂಡಳು.
ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ, ಅಚ್ಚೊತ್ತಿದ ಹಾಗೆ.
ಅವಳ ಹೆಸರಿಗೆ ಅವರ ಮಾತಿನಲ್ಲಿ
ಕೃತಜ್ಞರಾಗಿರೋಣ ಎಂದು ಅರ್ಥವಂತೆ.
ಪ್ರಮಾಣವಚನದ ಭಾಷಣ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿದರು.
ನನ್ನ ಜನ ಎಲ್ಲೇ ಇರಲಿ, ಎನ್ನುವಲ್ಲಿಗೆ
ಪ್ರತಿ ಸಲವೂ ನೆಟ್ ನಿಂತಿತು.
ಈತ ಟಿಕೇಟು ಕೊಡ್ತಾನಾ? ಎಂದಳು ನನ್ನನ್ನು,
ನಾನೇ ಅವನನ್ನು ಮಾಡಿದ್ದೆನೋ ಎಂಬಂತೆ.
ಸೊಟ್ಟ ಇದೆಯಾ ನೋಡು, ಎಂದೆ.

ಮೂವತ್ತನೇ ದಿನ ಬಿಲ್ಲಿಗೆ ಹೋದೆ.
ಮಂತ್ರಿಗಳ ಕಾರು ಮಾರಿದರಂತೆ, ಸಂಬಳ ಕತ್ತರಿಸಿದರಂತೆ,
ಚಿಕೊಂಡಿ ಎರಡು ಸಲ ಚಹಾ ತರಿಸಿದ.
ಅರವತ್ತಕ್ಕೆ ಹೋದಾಗ ರಾಯಭಾರಿಯನ್ನು ಹಿಂದಕ್ಕೆ ಕರೆಸಿದ್ದರು,
ಹಳೇ ಪಾರ್ಟಿಯವನು ಎಂದು.
ಹೊಸಬ ಇನ್ನೂ ಬಂದಿಲ್ಲ. ಸಹಿಯಿಲ್ಲ.
ಸಹಿಯಿಲ್ಲದೆ ನನ್ನ ಬಿಲ್ಲಿಲ್ಲ, ಹೆಂಗಸರ ಕಾಗದವೂ ಇಲ್ಲ.
ಹಾಸಿಗೆ ಈಗ ಒಂಬತ್ತು.
ಊರಲ್ಲಿ ಹಿಟ್ಟಿನ ಬೆಲೆ? ಎಂದೆ.
ಚಿಕೊಂಡಿ ಸ್ಟೇಪ್ಲರಿಗೆ ಪಿನ್ನು ತುಂಬಿದ.
ಕಾಯಬೇಕು, ಎಂದ, ಹನ್ನೆರಡು ವರ್ಷದ ಕೊಳೆ.
ಅದೂ ಸುಳ್ಳಲ್ಲ.

ತೊಂಬತ್ತರ ಹೊತ್ತಿಗೆ ಒಂದು ಸಹಿ ಬಂತು.
ಟಿಕೇಟಿಗೆ ಮಾತ್ರ ಸರ್ಕಾರ ಬರಲಿಲ್ಲ.
ಫರ್ವಾನಿಯಾದ ಅವರ ಕಡೆಯ ಕಾವಲುಗಾರರು
ಬಕೆಟ್ಟು ಹಿಡಿದು ಸುತ್ತಿದರು.
ಮೊಯ್ದಿನಬ್ಬ ಎಂಟು ದಿನಾರು ಕೊಟ್ಟು
ಬಿಲ್ಲಿಗೆ ಸೇರಿಸು ಮಾರಾಯ, ಎಂದರು.
ಸೇರಿಸಿದೆ. ಆ ಬಿಲ್ಲು ಬರುವುದಿಲ್ಲ,
ಅವರಿಗೂ ಗೊತ್ತು.

ಹಳೆಯ ಹನ್ನೊಂದು ಮುಖ ಕಕ್ಕಸಿನ ಬಾಗಿಲ ಸಂದಿಯಲ್ಲಿವೆ,
ಗೋಡೆಗೆ ಮೋರೆ ಮಾಡಿ.
ಅಲ್ಲ, ಹತ್ತು.
ಮೊನ್ನೆ ಒಬ್ಬ ಶೇಖನ ಗಿಡುಗದ ಫೋಟೋಕ್ಕೆ ರಟ್ಟು ಸಾಲದೆ
ಒಂದನ್ನು ಹಿಂದಿಟ್ಟು ಮೊಳೆ ಹೊಡೆದೆ.

ನಿನ್ನೆ ರಾತ್ರಿ ತಿಯಾಮಿಕೆಯ ದನಿ ಬಂತು ಮೊಬೈಲಿಗೆ,
ನಮ್ಮ ಮುರುಕು ಹಿಂದಿಯಲ್ಲಿ:
ಮುಟ್ಟಿದೆ. ಮಳೆ ಹೊಡೀತಾ ಇದೆ.
ಏರ್‌ಪೋರ್ಟಿನಲ್ಲಿ ಅವರ ಫೋಟೋ ನೋಡಿದೆ,
ಇಲ್ಲಿ ಮೂರು ಮಾಳಿಗೆಯಷ್ಟಿದೆ, ಭಾಯ್,
ಕೆಳಗೆ ನಿಂತರೆ ಗಲ್ಲ ಮಾತ್ರ ಕಾಣ್ತದೆ.

ಗಾಜು ಇದೆಯಾ, ಎಂದು ಕಳಿಸಿದೆ.
ಇಲ್ಲ.
ಅಂಚು?
ತುಂಬ ಹೊತ್ತು ಏನೂ ಬರಲಿಲ್ಲ.
ನೋಡಲಿಕ್ಕೆ ಮತ್ತೆ ಹೊರಗೆ ಹೋದಳೋ ಏನೋ, ಆ ಮಳೆಯಲ್ಲಿ.
ಆಮೇಲೆ ಬಂತು:
ಕಟ್ಟೇ ಹಾಕಿಲ್ಲ.